ನನ್ನ ಪರದೆಯ ಮೇಲಷ್ಟೇ ಆದ ವರ್ಗಾವಣೆ

ಅಥವಾ ಆ ದಿನ ಜಯಮ್ಮ ಟೀಚರ್ ಉಟ್ಟಿದ್ದದ್ದು ಹಸಿರು ಸೀರೆ ಅಲ್ಲದೆಯೂ ಇರಬಹುದು. ನೆನಪಿಗೆ ಖಾಲಿ ಜಾಗ ಕಂಡರಾಗದು, ಏನಾದರೊಂದು ಬಣ್ಣ ಬಳಿದುಬಿಡುತ್ತದೆ. ಸೀರೆಯನ್ನು ನೀವು ನಂಬಬೇಕಿಲ್ಲ. ಕಂಪ್ಯೂಟರಿನ ಪರದೆಯನ್ನು ಆಕೆಯತ್ತ ತಿರುಗಿಸಿದ್ದು ನಾನೇ ಎಂಬುದನ್ನು ಮಾತ್ರ ನಂಬಿ.

ಎರಡು ಸಾವಿರದ ಇಸವಿಯ ಆಸುಪಾಸು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಶಾಲೆಗಳಿದ್ದ ಒಂದು ವಿದ್ಯಾಸಂಸ್ಥೆಯ ಹಾಸನದ ಕಚೇರಿಯಲ್ಲಿ ನನಗೆ ಕೆಲಸ. ಮೇಷ್ಟರುಗಳ ಪಟ್ಟಿಯೆಲ್ಲ ಒಂದೇ ಡೇಟಾಬೇಸಿನಲ್ಲಿತ್ತು. ಅದನ್ನು ನೋಡಲು ನನ್ನ ಮೇಜಿನ ಮೇಲೊಂದು ಕಂಪ್ಯೂಟರ್, ಪಕ್ಕದ ಕೋಣೆಯ ಸೂಪರಿಂಟೆಂಡೆಂಟರ ಬಳಿ ಇನ್ನೊಂದು. ನನ್ನ ಹಳೆಯ ಯಂತ್ರದಲ್ಲಿ ‘ಆಟೋ ಕಮಿಟ್’ ಇತ್ತು. ತಿದ್ದಿದ ಕೂಡಲೇ ಅದು ಎಲ್ಲರಿಗೂ ಖಾಯಂ. ಆ ಬೇಸಿಗೆಯಲ್ಲಿ ಬಂದ ಹೊಸ ಯಂತ್ರದಲ್ಲಿ ಅದು ಇರಲಿಲ್ಲ. ‘ಕಮಿಟ್’, ಅಂದರೆ ಖಾಯಂ ಮಾಡು, ಎಂದು ನಾವೇ ಟೈಪ್ ಮಾಡಿ ಹೇಳಬೇಕು. ಹೇಳುವ ತನಕ ತಿದ್ದುಪಡಿ ನನಗೊಬ್ಬನಿಗೇ ಕಾಣುವುದು.

ನಮ್ಮ ಕಡೆ ಸಂಬಂಧ ಕುದುರಿಸುವುದೂ ಹೀಗೆಯೇ. ನಡುಮನೆಯಲ್ಲಿ ಎಲ್ಲರೂ ಒಪ್ಪಿ ಕಾಫಿ ಕುಡಿದರೂ ತಾಂಬೂಲ ಬದಲಾಗುವ ತನಕ ಊರಿಗೆ ಹುಡುಗಿ ಇನ್ನೂ ನಿಶ್ಚಯವಾಗದವಳೇ. ಮಧ್ಯೆ ಮಾತು ಮುರಿಯಿತೋ, ಯಾರೂ ಬಂದೇ ಇರಲಿಲ್ಲ ಎಂದೇ ಲೆಕ್ಕ. ಆ ಹಳೆಯ ಯಂತ್ರದ ಜೊತೆ, ಆಡಿದ ಮಾತೆಲ್ಲ ತಂತಾನೇ ತಾಂಬೂಲವಾಗುವ ಮನೆಯಲ್ಲಿ ಮೂರು ವರ್ಷ ಬಾಳಿದವನು ನಾನು.

ಕೊಣನೂರಿನ ಶಾಲೆಯ ಜಯಮ್ಮ ಟೀಚರ್ ಬಂದರು. ಎರಡು ವರ್ಷದ ಮಗಳನ್ನು ಹಳೇಕೋಟೆಯಲ್ಲಿ ತಾಯಿಯ ಬಳಿ ಬಿಟ್ಟಿದ್ದರು. ಅಲ್ಲಿನ ನಮ್ಮ ಶಾಲೆಗೇ ವರ್ಗ ಬಾಯಿಮಾತಿನಲ್ಲಿ ಮಂಜೂರಾಗಿತ್ತು. ನಾನು ತಿದ್ದಿ ಪರದೆ ತಿರುಗಿಸಿದೆ.

“ಆಗ್ಬುಡ್ತಾ ಸಾ?”

“ಆಯ್ತು ಮೇಡಂ. ಕಣ್ಣಾರೆ ನೋಡ್ಕೊಳಿ.”

“ನಮ್ಮವ್ವನ್ನೇ ಅಮ್ಮ ಅಂತದೆ ಸಾ ಮಗೂ. ನನ್ನ ಕಂಡ್ರೆ ಬಾಗಿಲ ಹಿಂದಕ್ಕೆ ಓಗ್ತದೆ, ಯಾವಳೋ ನೆಂಟರವಳು ಬಂದ್ಲು ಅನ್ನೋ ಅಂಗೆ.”

ಕಮಿಟ್ ಎನ್ನಲು ನನಗೆ ತೋಚಲೇ ಇಲ್ಲ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಸೂಪರಿಂಟೆಂಡೆಂಟರು ಆ ವರ್ಷ ಯಾರು ಯಾವ ಶಾಲೆಯಲ್ಲಿ ಎಂಬ ಪಟ್ಟಿ ಮುದ್ರಿಸುತ್ತಿದ್ದರು. ಅವರ ಪರದೆಯಲ್ಲಿ ಜಯಮ್ಮ ಕೊಣನೂರಿನಲ್ಲೇ ಇದ್ದರು. ಮಧ್ಯಾಹ್ನ ಕರೆಂಟು ಹೋಯಿತು. ಅದರೊಂದಿಗೆ ನನ್ನ ಹಳೇಕೋಟೆಯೂ ಹೋಯಿತು. ಸಂಜೆ ಆ ಪಟ್ಟಿಗೆ ಸಂಸ್ಥೆಯ ಕಾರ್ಯದರ್ಶಿಯ ಸಹಿ ಬಿತ್ತು. ಸಹಿ ಬಿದ್ದ ಪಟ್ಟಿಯನ್ನು ಆ ವರ್ಷ ಯಾರೂ ಮುಟ್ಟುವಂತಿರಲಿಲ್ಲ.

ವಾರದ ಮೇಲೆ ಆಕೆ ಬಂದು ಸೂಪರಿಂಟೆಂಡೆಂಟರ ಮುಂದೆ ನನ್ನತ್ತ ಕೈ ತೋರಿದರು. “ಇವ್ರೇ ತೋರ್ಸಿದ್ರು ಸಾ.”

“ನೋಡಿದ್ದಕ್ಕೆಲ್ಲ ಮೊಹರು ಒತ್ತಕ್ಕಾಯ್ತದೇನಮ್ಮಾ?” ಎಂದು ಸೂಪರಿಂಟೆಂಡೆಂಟರು ನನ್ನತ್ತ ತಿರುಗಿದರು. “ಏನಯ್ಯಾ, ತೋರ್ಸಿದ್ಯಾ?”

ನನ್ನ ಕೆಲಸವೂ ಇನ್ನೂ ಖಾಯಂ ಆಗಿರಲಿಲ್ಲ. “ನೆನಪಿಲ್ಲ ಸಾರ್” ಎಂದೆ.

ಜಯಮ್ಮ ಜಗಳವಾಡಲಿಲ್ಲ. “ನಾನೇ ಏನೋ ತಪ್ಪು ನೋಡಿರ್ಬೇಕು ಬುಡಿ ಸಾ” ಎಂದು ಛತ್ರಿ ತೆಗೆದುಕೊಂಡು ಕೊಣನೂರಿನ ಬಸ್ಸಿಗೆ ಹೊರಟರು. ತಾನು ಕಣ್ಣಾರೆ ಕಂಡದ್ದನ್ನು ಆಕೆ ತಾನೇ ಅಳಿಸಿಕೊಳ್ಳುವಂತೆ ಮಾಡಿದೆನಲ್ಲ, ಯಂತ್ರಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಯಂತ್ರ ಮರೆತದ್ದು ಕರೆಂಟು ಹೋಗಿ. ನಾನು ಮರೆತಾಗ ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಅಂದೇ ಹೊಸ ಯಂತ್ರಕ್ಕೂ ಆಟೋ ಕಮಿಟ್ ಹಾಕಿದೆ. ಜಾಣತನ ನನಗೆ ಯಾವಾಗಲೂ ವಾರ ತಡವಾಗಿಯೇ ಬರುತ್ತದೆ. ಮರುವರ್ಷದ ಪಟ್ಟಿ ಬರುವ ಮೊದಲೇ ಬೇರೆ ಕೆಲಸ ಹಿಡಿದು ಹೊರಟುಬಿಟ್ಟೆ. ಆಕೆಗೆ ಹಳೇಕೋಟೆ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ.