ಗುರುದೇವಿ ಓದಿದ ಲಾರಿ ಲೆಡ್ಜರುಗಳು

ಗುರುದೇವಿ ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಗಂಡ ಉಪೇಂದ್ರನಿಗೆ ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯಲ್ಲಿ ಕೆಲಸ. ಇವಳ ವೀಸಾ ಅವನದಕ್ಕೆ ಜೋತುಬಿದ್ದದ್ದು. ದುಡಿಯಲು ಬೇರೆ ಪರ್ಮಿಟ್ ಬೇಕು. ಪರ್ಮಿಟ್ ಇದ್ದಾಗ ಕೆಲಸ ಸಿಗಲಿಲ್ಲ. ಮನೆಯಲ್ಲಿ ಕೂತು ತಲೆಕೆಟ್ಟು, ಸೇನಾ ವಾಹನಗಳ ಒಂದು ಸಣ್ಣ ಮ್ಯೂಸಿಯಮ್ಮಿಗೆ ಮೂರು ವರ್ಷ ಬಿಟ್ಟಿ ದುಡಿದಳು.

ಅಲ್ಲಿ ಎರಡು ಮಹಾಯುದ್ಧಗಳ ನಡುವಿನ ಕಾಲದ ಲೆಡ್ಜರುಗಳಿವೆ. ಮೊದಲ ಯುದ್ಧದಲ್ಲಿ ಉಳಿದ ಲಾರಿಗಳನ್ನೇ ಸೈನ್ಯ ವರ್ಷಗಟ್ಟಲೆ ಓಡಿಸಿತು. ಹೊಸದಕ್ಕೆ ದುಡ್ಡಿಲ್ಲ, ರಿಪೇರಿಗೆ ಮಾತ್ರ ಸುರಿದದ್ದೇ ಸುರಿದದ್ದು! ಪೆಟ್ರೋಲು, ಎಣ್ಣೆ, ಟೈರು ಸೇರಿ ಮೈಲಿಗೆ ಎಷ್ಟು ಸೆಂಟು ಬಿತ್ತು ಎಂದು ಅವಳು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಅದೇ ಊರಲ್ಲಿರುವ ನಮ್ಮ ಮನೆಯ ಗಣಪತಿ ಹಬ್ಬದ ಊಟದಲ್ಲೂ ಅದೇ ಮಾತು. ಕೇಳಲಾಗದೆ ಗಂಡಸರು ಮೊಸರನ್ನಕ್ಕೆ ಮುಂಚೆಯೇ ಎದ್ದರು.

ಹೋದ ವರ್ಷ ಮ್ಯೂಸಿಯಮ್ಮಿನವರು ಅದನ್ನೇ ಸಂಬಳದ ಹುದ್ದೆ ಮಾಡಿ, ಜನವರಿಯಿಂದ ಬಾ ಎಂದರು. ಅವಳು ಕುಣಿಯುವುದೊಂದು ಬಾಕಿ. ಸೆಪ್ಟೆಂಬರಿನಲ್ಲೇ ಪರ್ಮಿಟ್ ನವೀಕರಣದ ಅರ್ಜಿ ತುಂಬಿಟ್ಟಳು. ಜೊತೆಗೆ ಗಂಡನ ಕಾಗದಪತ್ರಗಳೂ ಹೋಗಬೇಕು. ಉಪೇಂದ್ರ ಕಳಿಸಲಿಲ್ಲ.

"ಈಗ ಪಿತೃಪಕ್ಷ ಐತಿ. ದಸರಾದಾಗ ಛಲೋ ದಿನ ನೋಡಿ ಕಳಸೂಣು," ಎಂದ.

ದಸರೆಗೆ ಪ್ಲಾಂಟಿನಲ್ಲಿ ಓವರ್‌ಟೈಮ್. ಕೊನೆಗೆ ದೀಪಾವಳಿ ಪಾಡ್ಯದ ದಿನ ಕವರಿನ ಮೂಲೆಗೆ ಅರಿಶಿನ ಹಚ್ಚಿ ಕಳಿಸಿದ ಪುಣ್ಯಾತ್ಮ. ಡಿಸೆಂಬರಿನಲ್ಲಿ ಹಳೆಯ ಪರ್ಮಿಟ್ ಮುಗಿಯಿತು, ಹೊಸದು ಬರಲಿಲ್ಲ.

ಮ್ಯೂಸಿಯಮ್ಮಿನವರು ಒಂದು ತಿಂಗಳು ಕಾದರು. ಆಮೇಲೆ ಹುದ್ದೆ ಸಿಕ್ಕಿದ್ದು ನನ್ನ ಮಗಳು ಮಾಳವಿಕಾಗೆ. ಇಲ್ಲೇ ಹುಟ್ಟಿದವಳು, ಆನ್ ಆರ್ಬರಿನ ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿದವಳು. ಯಾವ ಪರ್ಮಿಟ್ಟೂ ಬೇಡ. ನನಗೆ ಖುಷಿಯೂ ಆಯಿತು, ಗುರುದೇವಿಗೆ ಮುಖ ತೋರಿಸಲು ನಾಚಿಕೆಯೂ ಆಯಿತು. ಹುಡುಗಿಗೆ ಕೆಲಸ ಕಲಿಸಿಕೊಡು ಎಂದು ಅವರು ಕೇಳಿದ್ದೂ ಗುರುದೇವಿಯನ್ನೇ, ಅದೂ ಬಿಟ್ಟಿಯಾಗಿ. ಒಲ್ಲೆ ಎಂದರೆ ಮತ್ತೆ ಆ ಮನೆ, ಆ ನಾಲ್ಕು ಗೋಡೆ. ಹೂಂ ಎಂದಳು.

ಮೊದಲ ದಿನ ಹಿಮ ಬಿದ್ದಿತ್ತು, ಮಗಳನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಗುರುದೇವಿ ನನ್ನನ್ನು ನೋಡಿ ನಕ್ಕಳು. ನನಗೆ ನಗಲಾಗಲಿಲ್ಲ. ಮಾಳವಿಕಾ ಲೆಡ್ಜರಿನ ಮೇಲೆ ಬೆರಳಾಡಿಸಿ ಕೇಳಿದಳು:

"ಆಂಟಿ, ವೇರ್ ಈಸ್ ದ ಡ್ರೈವರ್ಸ್ ಪೇ?"

"ಅದನ್ನ ಇದರಾಗ ಹಿಡದಿಲ್ಲವ್ವಾ."

"ವೈ ನಾಟ್?"

ಗುರುದೇವಿ ಪುಟ ತಿರುವಿದಳು. "ಅಂವಾ ಸಿಪಾಯಿ. ಹೆಂಗಿದ್ರೂ ಅಲ್ಲೇ ಇರಾಂವಾ. ಬಿಟ್ಟು ಎಲ್ಲಿ ಹೋಗ್ತಾನ?"