ಆಯುಧಪೂಜೆ ಮಾಡಿಸಿಕೊಂಡ ಗಿಟಾರ್

ಮೂರು ಸಾವಿರದ ಎಂಟುನೂರು ರೂಪಾಯಿ. ಮಾರಿದವರು ಕೇಳಿದ್ದು ಐದೂವರೆ ಸಾವಿರ. ಹೊಸದಾಗಿದ್ದರೆ ಅದರ ಎರಡರಷ್ಟಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಯಾವ ವಸ್ತುವಿನ ಕಥೆ ತೆಗೆದರೂ ಜನ ಮನಸ್ಸಿನಲ್ಲಿ ಮೊದಲು ಕೇಳಿಕೊಳ್ಳುವುದು ಇದನ್ನೇ.

ನಾನು ಕೊಂಡದ್ದು ಗಿಟಾರನ್ನಲ್ಲ. ಎಲೆಕ್ಟ್ರಿಕ್ ಗಿಟಾರ್ ನನ್ನಲ್ಲಿ ಆಗಲೇ ಇತ್ತು. ಇದು ಅದರ ಮೇಲೆ ಕೂರಿಸುವ ಟ್ರೆಮೊಲೊ. ಒಂದು ಉಕ್ಕಿನ ತಟ್ಟೆ, ಅದರೊಳಗೆ ಒಂದು ಸ್ಪ್ರಿಂಗು, ಕೈಗೆ ಸಿಗುವ ಹಾಗೆ ಬಾಗಿದ ಒಂದು ಕಂಬಿ. ಜೊತೆಗೆ ತಂತಿಗಳು ಸಲೀಸಾಗಿ ಹಿಂದೆ ಮುಂದೆ ಸರಿಯಲೆಂದು ಪುಟ್ಟ ರೋಲರ್‌ಗಳ ಒಂದು ಸಾಲು. ಕಂಬಿ ಒತ್ತಿದರೆ ತಂತಿಗಳೆಲ್ಲ ಒಟ್ಟಿಗೆ ಸಡಿಲಗೊಂಡು ಸ್ವರ ಕೆಳಕ್ಕೆ ಜಾರುತ್ತದೆ, ಬಿಟ್ಟರೆ ಮೊದಲಿದ್ದ ಜಾಗಕ್ಕೇ ಬರುತ್ತದೆ. ಬರಬೇಕು. ಈ ‘ಬರಬೇಕು’ ಎಂಬುದರಲ್ಲೇ ಎಲ್ಲವೂ ಇದೆ.

ಇದೇ ಯಾಕೆ, ಟ್ರೆಮೊಲೊ ಇರುವ ಗಿಟಾರನ್ನೇ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೈಗೆ ಒಗ್ಗಿದ ಗಿಟಾರನ್ನು ಬಿಡಲು ಮನಸ್ಸಿರಲಿಲ್ಲ. ಮರ ಕೊರೆದು ಕೂರಿಸುವ ಬಗೆಯೂ ಸಿಗುತ್ತದೆ. ಆದರೆ ಕೊರೆದ ಗಿಟಾರನ್ನು ಮಾರಲು ಹೋದರೆ, ಕೊಳ್ಳುವವನು ಮೊದಲು ಆ ತೂತಿನೊಳಗೆ ಬೆರಳಿಟ್ಟು ಆಮೇಲೆ ಬೆಲೆ ಹೇಳುತ್ತಾನೆ. ನಾನು ಕೊಳ್ಳುವಾಗ ಮಾಡುವುದೂ ಹಾಗೆಯೇ. ಇದಾದರೋ ಗಿಟಾರ್‌ನಲ್ಲಿ ಮೊದಲೇ ಇದ್ದ ತೂತುಗಳಿಗೇ ಕೂರುತ್ತದೆ, ಬೇಡವೆನಿಸಿದ ದಿನ ಬಿಚ್ಚಬಹುದು.

ಮಾರಿದವರು ಕೆಂಗೇರಿ ಉಪನಗರದ ಒಬ್ಬ ಬ್ಯಾಂಕ್ ನೌಕರರು. ಕಲಬುರಗಿಗೆ ವರ್ಗವಾಗಿತ್ತು. ಹಾಲಿನ ತುಂಬ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು.

“ಡಬ್ಬ ಕೂಡ ಇದೆ ಸಾರ್, ಒಂದ್ ಸ್ಕ್ರೂನೂ ಕಳೆದಿಲ್ಲ,” ಅಂದರು.

“ಡಬ್ಬ ಇಟ್ಕೊಂಡ್ ನಾನೇನ್ ಮಾಡ್ಲಿ? ಸ್ಕ್ರೂ ನಮ್ಮಂಗಡೀಲೇ ರಾಶಿ ಬಿದ್ದಿದೆ.”

“ಐದಕ್ಕಿಂತ ಕಡಿಮೆ ಆಗಲ್ಲ ಸಾರ್.”

“ಲಾರಿ ಯಾವತ್ತು ಬರುತ್ತೆ?”

“ಭಾನುವಾರ.”

“ಸರಿ ಹಾಗಿದ್ರೆ, ಶನಿವಾರ ಸಂಜೆ ಬರ್ತೀನಿ,” ಎಂದು ಎದ್ದೆ. ಲಾರಿ ಬರುವ ಹಿಂದಿನ ಸಂಜೆ ಸಿಕ್ಕಿದ ಬೆಲೆಗೆ ಕೊಡಬೇಕಾಗುತ್ತದೆಂದು ಅವರಿಗೆ ಅರ್ಥವಾಯಿತು. ನಾನು ಗೇಟು ತಲುಪುವಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಕೇಳಿಸಿತು: “ಕೊಟ್ ಕಳಿಸ್ರೀ. ಈ ಟೊಂಯ್ ಟೊಂಯ್ ಕಲಬುರಗಿಗೂ ಬೇಕಾ?” ಆ ತಾಯಿಯ ದಯೆಯಿಂದ ವ್ಯವಹಾರ ಕುದುರಿತು.

ಆಗ ನಾವಿದ್ದದ್ದು ಆರ್‌ಪಿಸಿ ಲೇಔಟ್‌ನಲ್ಲಿ, ಒಂದು ಮನೆಯ ಮೇಲಿನ ಪೋರ್ಷನ್‌ನಲ್ಲಿ, ನಾನು ಮತ್ತು ಅಮ್ಮ. ಬಸವೇಶ್ವರನಗರದಲ್ಲಿ ನನ್ನ ಪರದೆ ಅಂಗಡಿ. ಮೊಪೆಡ್ಡಿಗೆ ಪರದೆಯ ಕಂಬಿಗಳನ್ನು ಕಟ್ಟಿಕೊಂಡು ಬೀದಿ ಬೀದಿ ಅಲೆದು, ಕಿಟಕಿಗಳ ಅಳತೆ ತೆಗೆದು ಕಟ್ಟಿದ ಅಂಗಡಿ ಅದು. ಭಾನುವಾರ ಮಾತ್ರ ನಾನು ಬೇರೆ ಮನುಷ್ಯ. ವಿಜಯನಗರದ ಒಂದು ಝೆರಾಕ್ಸ್ ಅಂಗಡಿಯ ಶಟರನ್ನು ಅರ್ಧ ಎಳೆದುಕೊಂಡು ನಾವು ನಾಲ್ಕು ಜನ ಆರ್ಕೆಸ್ಟ್ರಾ ಅಭ್ಯಾಸ ಮಾಡುತ್ತಿದ್ದೆವು. ಆ ಅಂಗಡಿಯವನೇ ನಮ್ಮ ಗಾಯಕ, ಅವನೇ ಯಜಮಾನ. ಕೀಬೋರ್ಡ್ ನುಡಿಸುವವನು ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು. ಡ್ರಮ್ ಬಾರಿಸುವವನು ಮಾತೇ ಆಡುತ್ತಿರಲಿಲ್ಲ. ನಾನು ಗಿಟಾರ್.

ಹಳೆಯ ಚಿತ್ರಗೀತೆಗಳಲ್ಲಿ ಪಲ್ಲವಿಗೆ ಮೊದಲು ಗಿಟಾರಿನ ಸ್ವರವೊಂದು ನೀರಿನ ಮೇಲಿನ ಬೆಳಕಿನಂತೆ ನಡುಗಿ ಜಾರುತ್ತದಲ್ಲ, ಚಿಕ್ಕವನಿದ್ದಾಗ ರೇಡಿಯೊದಲ್ಲಿ ಅದು ಬಂದರೆ ನಾನು ತಟ್ಟೆಯ ಮುಂದೆ ಅನ್ನ ಕಲಸುವುದನ್ನೇ ನಿಲ್ಲಿಸಿಬಿಡುತ್ತಿದ್ದೆ. ಆ ನಡುಕ ಬೆರಳಿನಿಂದ ಬರುವುದಿಲ್ಲ, ಕಂಬಿಯಿಂದ ಬರುತ್ತದೆ. ಕೂರಿಸಿದ ಮೊದಲ ವಾರ ಅದು ಬಂತು. ಗಾಯಕ ಹಾಡುವುದನ್ನು ಮರೆತು ನನ್ನ ಕೈಯನ್ನೇ ನೋಡಿದ. “ಗುರು, ಇಷ್ಟ್ ದಿನ ಎಲ್ಲಿಟ್ಟಿದ್ದೆ ಇದನ್ನ?” ಅಂದ.

ಆಮೇಲೆ ಆಯುಧಪೂಜೆ ಬಂತು.

ಪೂಜೆಯ ಹಿಂದಿನ ದಿನ ನನ್ನದೊಂದು ಕ್ರಮ. ಹೊಲಿಗೆಯಂತ್ರ, ಕತ್ತರಿ, ಡ್ರಿಲ್ಲು, ಶಟರಿನ ಬೀಗ, ಮೊಪೆಡ್ಡು, ಎಲ್ಲವನ್ನೂ ಒರೆಸಿ ಒಂದೊಂದು ಹನಿ ಮೆಷಿನ್ ಎಣ್ಣೆ ಬಿಡುವುದು. ಆ ವರ್ಷ ಅದೇ ಡಬ್ಬಿಯಿಂದ ಗಿಟಾರ್‌ಗೂ ಬಿಟ್ಟೆ. ಕೆಳಗೆ ರೋಲರ್‌ಗಳಿಗೆ, ಮೇಲೆ ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಯ ಸೀಳುಗಳಿಗೆ. ಹೊಸದಾಗಿ ಮನೆಗೆ ಬಂದ ವಸ್ತು, ಚೆನ್ನಾಗಿ ನೋಡಿಕೊಳ್ಳೋಣ ಎಂದು ಧಾರಾಳವಾಗಿಯೇ ಬಿಟ್ಟೆ.

ಪೂಜೆಯ ದಿನ ಮನೆಯಲ್ಲಿ ಅಮ್ಮ ಕತ್ತರಿ, ಡ್ರಿಲ್ಲುಗಳನ್ನು ಸಾಲಾಗಿ ಜೋಡಿಸಿ, “ಅದನ್ನೂ ತಗೊಂಡ್ ಬಾರೋ,” ಅಂದಳು.

“ಅದು ಆಯುಧ ಅಲ್ಲಮ್ಮ.”

“ಕೆಳಗಿನ ಮನೆ ಆಂಟೀನ ಕೇಳು, ಆಯುಧಾನೋ ಅಲ್ವೋ ಅಂತ.”

ತಂದಿಟ್ಟೆ. ನಮ್ಮ ಮನೆಯಲ್ಲಿ ವಿಭೂತಿಯಿಲ್ಲದೆ ಯಾವುದೂ ಶುರುವಾಗುವುದಿಲ್ಲ. ಅಮ್ಮ ವಿಭೂತಿಯನ್ನು ನೀರಿನಲ್ಲಿ ತೇಯ್ದು ಗಿಟಾರಿನ ಹಣೆ ಯಾವುದೆಂದು ಹುಡುಕಿದಳು. ತಲೆ ಮತ್ತು ಕತ್ತು ಸೇರುವ ಜಾಗ ಅವಳಿಗೆ ಹಣೆಯಂತೆ ಕಂಡಿತು. ಬಿಳಿ ಪಟ್ಟಿಯೂ ಸೇರಿದಂತೆ ಮೂರು ಬೆರಳು ಎಳೆದಳು. ಹೊಳೆಯುವ ರೋಲರ್‌ಗಳನ್ನು ನೋಡಿ, “ಪುಟ್ ಪುಟ್ ದೀಪ ಇಟ್ಟಂಗಿದೆ ಕಣೋ,” ಎಂದು ಒಂದೊಂದಕ್ಕೂ ಕುಂಕುಮ ಇಟ್ಟಳು. ಮೇಲೆ ಸೇವಂತಿಗೆ ಹಾರ. ಬಹಳ ಚೆನ್ನಾಗಿ ಕಾಣುತ್ತಿತ್ತು. ಫೋನಿನಲ್ಲಿ ಫೋಟೊ ತೆಗೆದು ಗಾಯಕನಿಗೂ ಕಳಿಸಿದೆ.

ವಿಜಯದಶಮಿ ಮುಗಿದ ಮೇಲೆ ಬಟ್ಟೆಯಿಂದ ಒರೆಸಿಕೊಂಡು ಅಭ್ಯಾಸಕ್ಕೆ ಹೋದೆ. ಅದೇ ಹಾಡು. ಕಂಬಿ ಒತ್ತಿ ಬಿಟ್ಟೆ. ಬೇರೆ ತಂತಿಗಳು ಹೇಗೋ ತಮ್ಮ ಮನೆಗೆ ಬಂದವು, ಮೂರನೆಯದು ಮನೆ ದಾಟಿ ಒಂದಿಷ್ಟು ಮೇಲಿನ ಸ್ವರದಲ್ಲಿ ಹೋಗಿ ನಿಂತಿತು. ಶ್ರುತಿ ಮಾಡಿದೆ. ಮತ್ತೆ ಒತ್ತಿದೆ. ಈ ಸಲ ಇನ್ನೊಂದು ತಂತಿಯೂ ಅದರ ಜೊತೆ ಸೇರಿತು.

“ಗುರು,” ಗಾಯಕ ಮೈಕು ಕೆಳಗಿಟ್ಟ. “ನಾವೆಲ್ಲ ವಿಜಯನಗರದಲ್ಲಿದೀವಿ. ನಿನ್ ಗಿಟಾರ್ ಇನ್ನೂ ಮಾಗಡಿ ರೋಡ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದೆ.”

ಕೀಬೋರ್ಡ್ ಮೇಷ್ಟ್ರು ತನ್ನ ವಾದ್ಯದ ಕಡೆ ತಿರುಗಿದ. ಒಂದು ಗುಂಡಿ ಒತ್ತಿ ಅದೇ ಸಾಲನ್ನು ಗಿಟಾರಿನ ದನಿಯಲ್ಲಿ ನುಡಿಸಿದ, ನಡುಕವನ್ನೂ ಸೇರಿಸಿ. “ಇದಕ್ಕೆ ಶ್ರುತಿ ಮಾಡೋ ತಲೆನೋವೇ ಇಲ್ಲ ಮಚ್ಚಾ,” ಅಂದ.

ಮುಂದಿನ ಅಭ್ಯಾಸದಲ್ಲೂ ಹಾಗೆಯೇ ಆಯಿತು. ಎಲ್ಲರೂ ವೈರು ಸುತ್ತುತ್ತಿದ್ದಾಗ ಗಾಯಕ ನನ್ನನ್ನು ಪಕ್ಕಕ್ಕೆ ಕರೆದ. “ಬೇಜಾರ್ ಮಾಡ್ಕೋಬೇಡ ಮಗಾ. ರಾಜ್ಯೋತ್ಸವಕ್ಕೆ ಲಗ್ಗೆರೇಲಿ ಸ್ಟೇಜು ಒಪ್ಕೊಂಡಿದೀನಿ. ಬರೋ ಭಾನುವಾರ ಇದು ಸರಿಯಾಗಿರ್ಲಿಲ್ಲ ಅಂದ್ರೆ ಗಿಟಾರ್ ಪಾರ್ಟು ಕೀಬೋರ್ಡ್ ನೋಡ್ಕೊಳ್ಳುತ್ತೆ. ನೀನು ಮುಂದೆ ಕೂತ್ಕೊಂಡ್ ಕೇಳು.”

ನಾನು ವ್ಯಾಪಾರಿ. ಆ ಮಾತಿನ ಬೆಲೆ ನನಗೆ ತಕ್ಷಣ ತಿಳಿಯಿತು. ಒಂದು ತಲೆ ಕಡಿಮೆಯಾದರೆ ಉಳಿದವರ ಪಾಲು ಹೆಚ್ಚುತ್ತದೆ, ಹೆಚ್ಚಿದ ಪಾಲನ್ನು ಯಾರೂ ಹಿಂದಿರುಗಿಸುವುದಿಲ್ಲ. ಒಂದು ಸಲ ವೇದಿಕೆಯಿಂದ ಇಳಿದರೆ ಮತ್ತೆ ಹತ್ತಲಾರೆ. ವಾರವೆಲ್ಲ ನಾನು ‘ಪರ್ದೆಯವನು’. ವೇದಿಕೆಯಲ್ಲಿ ಗಿಟಾರ್ ಹಿಡಿದು ಆ ಕುರ್ಚಿಯ ಮೇಲೆ ಕೂತಾಗ ಮಾತ್ರ ಜನ ನನ್ನನ್ನು ನೋಡಿ, ‘ಗಿಟಾರ್‌ನವರು’ ಅನ್ನುತ್ತಿದ್ದರು. ಅದನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ.

ತಂತಿ ಬದಲಿಸಿದೆ. ಬಿರಡೆಗಳ ಸ್ಕ್ರೂ ಬಿಗಿದೆ. ಸ್ಪ್ರಿಂಗನ್ನು ಬಿಗಿ ಮಾಡಿದೆ, ಸಡಿಲ ಮಾಡಿದೆ. ಕೊನೆಗೆ ಕಲಬುರಗಿಗೆ ಫೋನ್ ಹಚ್ಚಿದೆ.

“ನಿಮ್ ಮಾಲು ಸರಿ ಇಲ್ಲ ಸಾರ್.”

“ನನ್ ಹತ್ರ ಇರೋತನಕ ಚೆನ್ನಾಗೇ ಇತ್ತಲ್ಲ? ಅದಕ್ಕೆ ಏನಾದ್ರೂ ಹಾಕಿದ್ರಾ?”

“ಏನೂ ಹಾಕಿಲ್ಲ. ಚೆನ್ನಾಗಿ ಎಣ್ಣೆ ಬಿಟ್ಟಿದೀನಿ, ಪೂಜೆ ಮಾಡ್ಸಿದೀನಿ. ಇನ್ನೇನ್ ಮಾಡ್ಬೇಕು?”

ಅವರು “ಪೂಜೆ ಒಳ್ಳೇದೇ ಸಾರ್,” ಎಂದು ಫೋನ್ ಇಟ್ಟರು. ತಪ್ಪಿಸಿಕೊಂಡರು ಎಂದುಕೊಂಡೆ.

ಶುಕ್ರವಾರ ಅಂಗಡಿಗೆ ಹಿಂದಿನ ಬೀದಿಯ ಆಂಟಿಯೊಬ್ಬರು ಬಂದರು. ಅವರ ಹಾಲಿಗೆ ನಾನೇ ಪರದೆ ಹಾಕಿಕೊಟ್ಟಿದ್ದೆ.

“ಏನಪ್ಪ, ಪರ್ದೆ ಎಳೆದ್ರೆ ಬರುತ್ತೆ, ತಳ್ಳಿದ್ರೆ ಅರ್ಧಕ್ಕೇ ನಿಂತ್ಕೊಳ್ಳುತ್ತೆ.”

“ಚಕ್ರಕ್ಕೆ ಏನಾದ್ರೂ ಹಾಕಿದ್ರಾ ಆಂಟಿ?”

“ಏನಿಲ್ಲಪ್ಪ. ಚೂರು ಕೊಬ್ಬರಿ ಎಣ್ಣೆ.”

“ಅಲ್ಲೇ ಕೆಟ್ಟಿದ್ದು ನೋಡಿ. ಎಣ್ಣೆ ಹಾಕಿದ್ರೆ ಬೀದಿ ಧೂಳೆಲ್ಲ ಬಂದು ಅಲ್ಲೇ ಸಂಸಾರ ಹೂಡುತ್ತೆ. ಓಡಾಡೋ ಜಾಗಕ್ಕೆ ಒಣ ಪುಡಿ ಹಾಕ್ಬೇಕು. ಪೆನ್ಸಿಲ್ ಇದ್ಯಲ್ಲ, ಅದರ ಮೊನೆ ಉಜ್ಜಿದ್ರೆ ಸಾಕು...” ಎಂದು ದಿನಕ್ಕೊಬ್ಬರಿಗಾದರೂ ಹೇಳುವ ಪಾಠವನ್ನು ಹೇಳುತ್ತಿದ್ದವನು ಹಾಗೇ ನಿಂತೆ.

“ಯಾಕಪ್ಪ, ಏನಾಯ್ತು?”

“ಏನಿಲ್ಲ ಆಂಟಿ. ನಾಳೆ ನಾನೇ ಬಂದು ಉಜ್ಜಿಕೊಡ್ತೀನಿ,” ಎಂದು ಅವರನ್ನು ಕಳಿಸಿ, ಶಟರ್ ಎಳೆದು, ಮಟಮಟ ಮಧ್ಯಾಹ್ನ ಮನೆಗೆ ಹೋದೆ.

ತಂತಿಗಳನ್ನು ಸಡಿಲಿಸಿ ಒಂದೊಂದಾಗಿ ಪಕ್ಕಕ್ಕೆ ಸರಿಸಿದೆ. ಬಿಳಿ ಪಟ್ಟಿಯ ಸೀಳುಗಳಲ್ಲಿ ವಿಭೂತಿ ಎಣ್ಣೆಯ ಜೊತೆ ಕಲಸಿಕೊಂಡು ಗೋಡೆಗೆ ಮೆತ್ತುವ ಪುಟ್ಟಿಯಂತೆ ಕೂತಿತ್ತು. ರೋಲರ್‌ಗಳು ಉರುಳುವುದನ್ನೇ ನಿಲ್ಲಿಸಿದ್ದವು, ಸಂದಿಯಲ್ಲೆಲ್ಲ ಕೆಂಪು ಕೆಸರು. ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಥಿನ್ನರ್ ಅದ್ದಿ ಉಜ್ಜತೊಡಗಿದೆ. ವಾಸನೆಗೆ ಅಮ್ಮ ಎದ್ದು ಬಂದಳು.

“ಏನೋ ಅದು, ದೇವರ ವಿಭೂತೀನ ಹಲ್ಲುಜ್ಜೋ ಬ್ರಶ್ಶಲ್ಲಿ ಉಜ್ತಾ ಇದೀಯಲ್ಲ?”

“ಎಣ್ಣೆ ಅಮ್ಮ. ನಾನು ಎಣ್ಣೆ ಬಿಡಬಾರ್ದಿತ್ತು. ಅದೇ ಕಟ್ಕೊಂಡಿದೆ.”

ಅವಳು ಬ್ರಶ್ಶನ್ನು ನೋಡಿದಳು. “ಬರೀ ಎಣ್ಣೆ ಕೆಂಪಗಿರುತ್ತಾ?”

ನಾನು ತಲೆಯೆತ್ತದೆ ಇನ್ನೊಂದು ರೋಲರ್ ಉಜ್ಜಿದೆ. ಅಮ್ಮ ಪಕ್ಕದಲ್ಲಿ ಕೂತಳು. “ನಂಗೇನ್ ಗೊತ್ತಾಗುತ್ತೋ ಅದರ ಹಣೆ ಎಲ್ಲಿದೆ ಅಂತ? ಮೊದ್ಲೇ ತೋರಿಸ್ಬಾರ್ದಾ? ಮುಂದಿನ್ ಸಲ ಎಲ್ಲಿ ಹಚ್ಲಿ, ಹೇಳು.”

ಗಿಟಾರನ್ನು ತಿರುಗಿಸಿ ತಲೆಯ ಹಿಂಭಾಗ ತೋರಿಸಿದೆ.

“ಹಿಂದಕ್ಕಾ? ಆಗ್ಲಿ ಬಿಡು. ದೇವ್ರು ಮುಂದೆ ಮಾತ್ರ ನಿಂತಿರ್ತಾನಾ?”

ಆಮೇಲೆ ಅವಳೇ ಗಿಟಾರಿನ ಕತ್ತನ್ನು ಮೊಣಕಾಲುಗಳ ನಡುವೆ ಅಲುಗದಂತೆ ಹಿಡಿದುಕೊಂಡಳು. ತೆಂಗಿನಕಾಯಿ ತುರಿಯುವಾಗ ಈಳಿಗೆಮಣೆಯನ್ನು ಒತ್ತಿ ಹಿಡಿಯುವ ಹಾಗೆ. ನಾನು ಕಿಟಕಿಗೆ ಗುರುತು ಹಾಕುವ ಮೆತ್ತನೆಯ ಪೆನ್ಸಿಲನ್ನು ಚೂಪು ಮಾಡಿ, ಪ್ರತಿ ಸೀಳಿಗೂ ಕಪ್ಪು ತುಂಬುವವರೆಗೆ ಉಜ್ಜಿದೆ.

ಭಾನುವಾರದ ಅಭ್ಯಾಸದಲ್ಲಿ ಒತ್ತಿದ್ದೆಲ್ಲ ವಾಪಸ್ ಬಂತು. ಆದರೂ ಗಾಯಕ ನಂಬಲಿಲ್ಲ. “ಸ್ಟೇಜಲ್ಲಿ ನೋಡೋಣ,” ಅಂದ. ಮೇಷ್ಟ್ರಿಗೂ ಸಿದ್ಧವಾಗಿರಲು ಹೇಳಿದ.

ಲಗ್ಗೆರೆಯಲ್ಲಿ ಸಂಜೆ ಕೆಂಪು ಹಳದಿ ಬಟ್ಟೆ ಸುತ್ತಿದ ಕಂಬಗಳ ನಡುವೆ ವೇದಿಕೆ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಟಿಫಿನ್ ಡಬ್ಬಿಯ ಸಮೇತ ಬಂದು ಕೂತವರು, ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡವರು. ಅಮ್ಮ ಎರಡನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ಆ ಹಾಡು ಬಂತು. ಮೇಷ್ಟ್ರ ಬೆರಳು ಗಿಟಾರ್ ಗುಂಡಿಯ ಮೇಲೆ ಆಗಲೇ ಕೂತಿರುವುದು ಓರೆಗಣ್ಣಿಗೆ ಕಾಣುತ್ತಿತ್ತು. ಕಂಬಿ ಒತ್ತಿದೆ, ಸ್ವರ ಜಾರಿತು, ಬಿಟ್ಟೆ. ತಂತಿಗಳೆಲ್ಲ ಒಟ್ಟಿಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಗಾಯಕ ಕತ್ತು ಅರ್ಧ ತಿರುಗಿಸಿದ, ಆಮೇಲೆ ಜನರ ಕಡೆಗೇ ಮುಖ ಮಾಡಿ ಪಲ್ಲವಿ ಎತ್ತಿಕೊಂಡ. ಮೇಷ್ಟ್ರು ಗುಂಡಿಯ ಮೇಲಿದ್ದ ಕೈ ತೆಗೆದು ನೀರಿನ ಬಾಟಲಿ ಹಿಡಿದುಕೊಂಡ. ನನ್ನ ಕುರ್ಚಿ ನನಗೇ ಉಳಿಯಿತು.

ಅದರ ಮೇಲೆ ಇನ್ನೂ ಕೆಲವು ವರ್ಷ ಕೂತೆ. ಈಗ ಆರ್ಕೆಸ್ಟ್ರಾ ಇಲ್ಲ. ಗಾಯಕ ಫೋನಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಒಬ್ಬನೇ ಹಾಡುತ್ತಾನೆ. ನನಗೆ ಕೋಪವಿಲ್ಲ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಅರ್ಧ ಎಳೆದ ಶಟರಿನ ಕೆಳಗಿನಿಂದ ಬರುತ್ತಿದ್ದ ಭಾನುವಾರದ ಬಿಸಿಲು, ಬಿಸಿ ಕಾಗದದ ವಾಸನೆ, ಒಂದೇ ಸಾಲನ್ನು ನಾಲ್ಕು ಜನ ಮತ್ತೆ ಮತ್ತೆ ತಪ್ಪುವುದು, ಇವು ಯಾವ ಟ್ರ್ಯಾಕಿನಲ್ಲೂ ಸಿಗುವುದಿಲ್ಲ. ಅಮ್ಮನ ಕಣ್ಣು ಮಂಜಾಗಿದೆ. ಆಯುಧಪೂಜೆಯ ದಿನ ಅವಳ ಬೆರಳು ಹಿಡಿದು ಜಾಗ ತೋರಿಸುತ್ತೇನೆ. “ಹಿಂದೇನೇ ತಾನೆ?” ಎಂದು ಕೇಳಿ, ಖಚಿತ ಮಾಡಿಕೊಂಡೇ ಹಚ್ಚುತ್ತಾಳೆ.

ನೀವೂ ಇಂಥದ್ದೊಂದನ್ನು ಕೂರಿಸಿಕೊಳ್ಳುವವರಾದರೆ ನನ್ನ ಮಾತು ಕೇಳಿ. ಹಾಳು ಮಾಡಿಕೊಂಡು ಕಲಿತದ್ದನ್ನು ಬಿಟ್ಟಿಯಾಗಿ ಕೊಡುತ್ತಿದ್ದೇನೆ. ಎಣ್ಣೆ ಬೇಡ, ಪೆನ್ಸಿಲ್ ಸಾಕು. ತಂತಿ ಬದಲಿಸಿದಾಗಲೆಲ್ಲ ಸೀಳಿಗೆ ಉಜ್ಜಿ. ಬಿರಡೆಗೆ ತಂತಿಯನ್ನು ದಾರದುಂಡೆಯಂತೆ ಸುತ್ತಬೇಡಿ, ಎರಡು ಮೂರು ಸುತ್ತು ಬೇಕಾದಷ್ಟಾಯಿತು. ಸುತ್ತು ಹೆಚ್ಚಿದಷ್ಟೂ ಜಾರುವ ಜಾಗ ಹೆಚ್ಚು. ಹೊಸ ತಂತಿಯನ್ನು ಬೆರಳಿನಿಂದ ಎಳೆದೆಳೆದು ಮೊದಲೇ ಹದ ಮಾಡಿ, ಇಲ್ಲದಿದ್ದರೆ ಅದು ಜನರ ಮುಂದೆ ಹದವಾಗುತ್ತದೆ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ, ಕಂಬಿಯನ್ನು ನಾಲ್ಕಾರು ಸಲ ಒತ್ತಿ ಬಿಟ್ಟು ಇನ್ನೊಮ್ಮೆ ನೋಡಿ. ಪೂಜೆ ಖಂಡಿತ ಮಾಡಿ, ಹಚ್ಚುವವರಿಗೆ ಮೊದಲೇ ಜಾಗ ತೋರಿಸಿ. ಇಷ್ಟೆಲ್ಲ ಮಾಡಿದರೂ ಹಾಡಿನ ನಡುವೆ ತಂತಿಯೊಂದರ ಸ್ವರ ಮೇಲೆಯೇ ನಿಂತುಬಿಟ್ಟರೆ ಗಾಬರಿಯಾಗಿ ಬಿರಡೆಗೆ ಕೈ ಹಾಕಬೇಡಿ. ಕಂಬಿಯನ್ನು ಒಂದಿಷ್ಟು ಮೇಲಕ್ಕೆತ್ತಿ ಬಿಡಿ, ಹೆಚ್ಚಿನ ಸಲ ಅಷ್ಟಕ್ಕೇ ಇಳಿದು ಬರುತ್ತದೆ.