ಅಂಗೈಯಿಂದ ಜಾರಿದ್ದು

ಚಾಮರಾಜನಗರದ ಆ ಸ್ಕ್ಯಾನಿಂಗ್ ಕೇಂದ್ರದಲ್ಲಿ, ಎಂ.ಆರ್.ಐ. ಕೋಣೆಯ ಬಾಗಿಲ ಪಕ್ಕದ ಗೋಡೆಗೆ ಮರದ ಒಂದು ಪುಟ್ಟ ಗೂಡನ್ನು ಹೊಡೆಸಿದವನು ಅಲ್ಲಿನ ಟೆಕ್ನಿಷಿಯನ್ ಮಹದೇವ. ಒಳಗೆ ಹೋಗುವವರು ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿಡಲೆಂದು ಕೇಂದ್ರದವರು ಕೊಟ್ಟಿದ್ದು ನೀಲಿ ಪ್ಲಾಸ್ಟಿಕ್ ಬುಟ್ಟಿ. ಗಡಿಯಾರ, ಬೀಗದ ಕೈ, ಕಾಲುಂಗುರ, ತಾಯಿತಗಳಿಗೆ ಬುಟ್ಟಿ ಸಾಕು. ಆದರೆ ಕೊರಳಿನ ಲಿಂಗವನ್ನು ಅದರಲ್ಲಿ ಹಾಕಿ ಎಂದರೆ ಗುಂಡ್ಲುಪೇಟೆ ಕಡೆಯ ಹಿರಿಯರು ಸ್ಕ್ಯಾನೇ ಬೇಡವೆಂದು ಎದ್ದು ಹೋಗುತ್ತಿದ್ದರು. ಒಗೆದ ಬಿಳಿಯ ಬಟ್ಟೆ ಹಾಸಿದ ಗೂಡು ಬಂದ ಮೇಲೆ ಆ ತಕರಾರು ಮುಗಿಯಿತು. ಉಳಿದದ್ದಕ್ಕೆ ಅವನ ಮಾತಿತ್ತು.

"ಇಪ್ಪತ್ತೇ ನಿಮಿಷ, ಯಜಮಾನ್ರೇ. ತಲೆನೋವಿರೋದು ನಿಮ್ಗೆ, ಸ್ವಾಮಿಗಲ್ಲ. ಸ್ವಾಮಿ ಆಚೆ ಕೂತ್ಕಳ್ಳಲಿ."

ಹನ್ನೆರಡು ವರ್ಷಗಳಿಂದ ಇದೇ ಮಾತು, ಇದೇ ನಗು. ಅವನ ಸ್ವಂತ ಲಿಂಗ ಮನೆಯ ಬೀರುವಿನಲ್ಲಿ, ಹಳೆಯ ಅಂಕಪಟ್ಟಿಗಳ ಕೆಳಗಿತ್ತು. ದಿನಕ್ಕೆ ಹತ್ತು ಸಲ ಬಿಚ್ಚುವುದಕ್ಕಿಂತ ಒಂದೇ ಸಲ ಬಿಚ್ಚಿಡುವುದು ಲೇಸೆಂದು ಹೆಂಡತಿಗೆ ಹೇಳಿದ್ದ. ನಿಜವಾದ ಕಾರಣ ಅದಾಗಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ, ಮುಂದಕ್ಕೆ ಓದಲಾಗದೆ ಟೆಕ್ನಿಷಿಯನ್ ಆದ ಅವನಿಗೆ, ಪರಮಾಣುಗಳು ಕಾಂತಕ್ಷೇತ್ರದಲ್ಲಿ ಸಾಲುಗಟ್ಟಿ ನಿಲ್ಲುವುದೇ ಸಾಕಷ್ಟು ದೊಡ್ಡ ವಿಸ್ಮಯವಾಗಿತ್ತು. ಅದರಾಚೆ ಇನ್ನೊಂದು ವಿಸ್ಮಯ ಬೇಕೆಂದು ಅವನಿಗೆ ಅನ್ನಿಸಿರಲಿಲ್ಲ.

ಅವನ ತಾಯಿ ಶಾಂತಮಲ್ಲಮ್ಮನಿಗೆ ಅನ್ನಿಸುತ್ತಿತ್ತು. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದ ಆಕೆಗೆ ಈಗ ಅರವತ್ತಾರು. ಗುಂಡ್ಲುಪೇಟೆಯಿಂದ ಎರಡು ಹರದಾರಿ ದೂರದ ಊರಿನಲ್ಲಿ, ಈರುಳ್ಳಿಯ ಕಳೆಗೆ ಹೊರಡುವ ಮೊದಲು, ಮಿಂದು ವಿಭೂತಿ ಧರಿಸಿ, ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಚಾಚಿ, ಅದರ ಮೇಲೆ ಲಿಂಗವನ್ನಿಟ್ಟು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಏನು ನೋಡುತ್ತೀ ಎಂದು ಮಹದೇವ ಬಾಲ್ಯದಲ್ಲಿ ಕೇಳಿದ್ದ. "ನೋಡೋಳನ್ನೇ ನೋಡ್ತೀನಿ ಕಣ್ಮಗ, ಸುಮ್ನಿರು" ಎಂದಿದ್ದಳು. ಹೊರಗೆಲ್ಲೋ ಇರುವ ದೇವರಿಗೆ ಕೈಮುಗಿಯುವುದಲ್ಲ, ತನ್ನ ಅರಿವನ್ನೇ ಅಂಗೈಗೆ ತಂದುಕೊಂಡು ನೋಡುವುದು ಎಂಬ ಆ ತತ್ವವನ್ನು ಅವನು ಮುಂದೆ ಪುಸ್ತಕಗಳಲ್ಲಿ ಓದಿ, ಒಳ್ಳೆಯ ಕಲ್ಪನೆ ಎಂದುಕೊಂಡು ಪುಟ ಮಡಿಸಿದ್ದ.

ಆ ಸೋಮವಾರ ತಂಗಿ ನೀಲಾವತಿ ಅವ್ವನನ್ನು ಬಸ್ಸಿನಲ್ಲಿ ಕರೆತಂದಳು. ಹಿಂದಿನ ವಾರ ಮಜ್ಜಿಗೆಯ ಚೊಂಬು ಅವ್ವನ ಕೈಯಿಂದ ಎರಡು ಸಲ ಬಿದ್ದದ್ದನ್ನು ಕಂಡು ಅವಳೇ ಗುಂಡ್ಲುಪೇಟೆಯ ಡಾಕ್ಟರಿಗೆ ತೋರಿಸಿದ್ದಳು. ಅವರು ತಲೆಯ ಸ್ಕ್ಯಾನಿಗೆ ಬರೆದಿದ್ದರು. ಅವ್ವ ಬಹಳ ಇಳಿದಿದ್ದಳು. ನಾಲ್ಕು ತಿಂಗಳಿಂದ ಒಪ್ಪತ್ತು ಮಾಡುತ್ತಿದ್ದಾಳೆಂದು ನೀಲಾವತಿ ಹೇಳಿದಳು. ತಲೆನೋವೆಂದರೆ ಹಸಿದ ಹೊಟ್ಟೆಯದೆಂದು ಮನೆಯವರೆಲ್ಲ ತಿಳಿದಿದ್ದರು.

"ಕರಡಿಗೆ ಬಿಚ್ಚವ್ವ" ಎಂದ ಮಹದೇವ, ಆಕೆಯ ಕೊರಳಿನಲ್ಲಿ ಲಿಂಗವಿದ್ದ ಪುಟ್ಟ ಡಬ್ಬಿಯನ್ನು ತೋರಿಸಿ.

"ಬಿಚ್ಚಾಕಿಲ್ಲ."

"ಒಳಗಿರೋದು ಭಾರಿ ಅಯಸ್ಕಾಂತ. ಕಬ್ಬಿಣ ಕಂಡ್ರೆ ಎಳ್ಕತದೆ."

"ಇದು ಬೆಳ್ಳಿ ಕಣ್ಲಾ. ನಿಮ್ಮಪ್ಪ ಮಾಡ್ಸಿದ್ದು."

ಅವನು ಮೇಜಿನ ಖಾನೆಯಿಂದ ಪುಟ್ಟ ಅಯಸ್ಕಾಂತವನ್ನು ತೆಗೆದು ಕರಡಿಗೆಯ ಬಳಿ ಹಿಡಿದ. ಮುಚ್ಚಳದ ಸಣ್ಣ ಮೊಳೆ ಟಿಕ್ಕೆಂದು ಅಂಟಿಕೊಂಡಿತು.

"ನೋಡು. ಇದ್ಯಾವ ಬೆಳ್ಳಿ?"

"ಆಚಾರಿ ಮೋಸ ಮಾಡ್ಬುಟ್ಟವ್ನೆ! ಬುಡು, ಅವ್ನು ಸತ್ತೇ ಇಪ್ಪತ್ತು ವರ್ಸಾಯ್ತು, ಎಲ್ಲಿ ಓಗಿ ಜಗಳ ಆಡನ."

ಬಾಗಿಲ ಬಳಿ ಚೀಟಿ ಹಿಡಿದು ನಿಂತಿದ್ದ ನರ್ಸ್ ಭಾನು ನಕ್ಕುಬಿಟ್ಟಳು. ಮಹದೇವ ಗೂಡನ್ನು ತೋರಿಸಿದ. ಅವ್ವ ತಲೆಯಾಡಿಸಿದಳು.

"ಗೋಡೆ ಮ್ಯಾಲೆ ಕೂರ್ಸೋದ್ ಬ್ಯಾಡ. ಲಿಂಗ ಕಟ್ಟಿರೋ ಮೈ ಮ್ಯಾಲೆ ಇರ್ಲಿ. ನಿನ್ ಕೊರಳ್ಗೆ ಆಕತೀನಿ ಬಾ, ನಿಂದ್ರ ಜೊತೆ ಇರ್ತದೆ." ಹಾಗೆನ್ನುತ್ತಲೇ ಬಲಗೈಯಿಂದ ಅವನ ಅಂಗಿಯ ಕೊರಳಪಟ್ಟಿ ಸರಿಸಿದಳು. ಬೆರಳು ಬರಿಯ ಕೊರಳಿನ ಮೇಲೆ ಒಂದು ಸುತ್ತು ತಡಕಾಡಿ ನಿಂತಿತು.

"ಎಲ್ಲಿ?"

"ಮನೇಲದೆ."

ಆಕೆ ಬಯ್ಯಲಿಲ್ಲ. ಕೊರಳಪಟ್ಟಿಯನ್ನು ಮೊದಲಿದ್ದ ಹಾಗೆ ಮಡಿಸಿದಳು. "ಅಂಗಾದ್ರೆ ನನ್ ಕೈಲೇ ಇರ್ಲಿ."

ಕರಡಿಗೆ ಗೂಡಿಗೆ ಹೋಯಿತು. ಬರಿಯ ಲಿಂಗ ಉಳಿಯಿತು: ಕಲ್ಲು, ಅದರ ಮೇಲೆ ಕಪ್ಪು ಕಾಂತಿಯ ಲೇಪ. ಅದನ್ನೂ ಅವನು ಪರೀಕ್ಷಿಸಲೇಬೇಕಿತ್ತು. ಐವತ್ತೆಂಟು ವರ್ಷ ತಾಯಿ ದಿಟ್ಟಿಸಿದ ವಸ್ತುವಿನ ಸುತ್ತ ಅಯಸ್ಕಾಂತವನ್ನು ಆಡಿಸುವಾಗ ಅವನಿಗೆ ಆಕೆಯ ಮುಖ ನೋಡಲಾಗಲಿಲ್ಲ. ಅದು ಅಂಟಲಿಲ್ಲ. ಎಡ ಅಂಗೈಯಲ್ಲಿಟ್ಟು "ಮುಚ್ಕೊ" ಎಂದ. ಬೆರಳುಗಳು ಅರ್ಧ ಮಡಚಿ, ನಡುಗಿ, ತೆರೆದುಕೊಂಡವು. ಜಾರಿದ ಲಿಂಗವನ್ನು ಅವನೇ ಹಿಡಿದ.

"ಬಲಗೈಲಿ ಹಿಡ್ಕೊ."

"ಬಲಗೈಲಿ ಹಿಡ್ಯೋದುಂಟಾ?"

"ಎಡಗೈ ಹಿಂಗಾಗಿ ಎಷ್ಟು ದಿನ ಆಯ್ತವ್ವ? ನಂಗ್ಯಾಕೆ ಹೇಳ್ಲಿಲ್ಲ?"

"ಏಳಿದ್ನಲ್ಲಾ ಕಣ್ಮಗ, ಪೋನಲ್ಲಿ. ಲಿಂಗ ಜಾರ್ತದೆ ಅಂತ."

ಹೇಳಿದ್ದಳು. ನಾಲ್ಕು ತಿಂಗಳ ಹಿಂದೆ, ಊಟದ ಬಿಡುವಿನಲ್ಲಿ. "ಮಗ, ಪೂಜೇಲಿ ಲಿಂಗ ಬಿದ್ಬುಡ್ತು. ಇದು ಮೂರ್ನೇ ಸಲ" ಎಂದ ಆ ದನಿಯಲ್ಲಿ ಹೆದರಿಕೆಯಿತ್ತು. ಅವನು ನಕ್ಕಿದ್ದ. "ಭೂಮಿ ಎಳೀತದೆ, ಕಲ್ಲು ಬೀಳ್ತದೆ. ಎತ್ಕೊಂಡು ಇಟ್ಕೊಳವ್ವ." ಭಾನುವಿಗೂ ಅದನ್ನು ಹೇಳಿ ನಗಿಸಿದ್ದ. ಅವ್ವ ಊರಿನ ಮಠದ ಅಯ್ಯನವರ ಬಳಿ ಹೋಗಿದ್ದಳು. ಅವರು ಒಳ್ಳೆಯವರೇ, ಮನಸ್ಸಿಗೆ ಸಮಾಧಾನವಾಗುವಷ್ಟು ಜಪ ಮಾಡಿ ಎಂದಿದ್ದರು. ಆಕೆಗೆ ಸಮಾಧಾನವಾಗಲಿಲ್ಲ, ಒಂದು ಹೊತ್ತಿನ ಊಟ ಬಿಟ್ಟಳು. ಲಿಂಗ ಮತ್ತೆ ಬಿತ್ತು. ಶಿವನಿಗೆ ತಾನು ಬೇಡವಾದೆನೆಂದುಕೊಂಡಳು.

ಮಹದೇವ ತನ್ನ ಕೈಯಲ್ಲಿದ್ದ ಲಿಂಗವನ್ನು ನೋಡಿದ. ಐವತ್ತೆಂಟು ವರ್ಷ, ದಿನ ತಪ್ಪದೆ, ಒಂದೇ ಹೊತ್ತಿನಲ್ಲಿ, ಒಂದೇ ಭಾರವನ್ನು ಒಂದೇ ಕೈಯಲ್ಲಿಟ್ಟು ಅದರ ನಿಶ್ಚಲತೆಯನ್ನು ನೋಡಿದ ಹೆಂಗಸು ಈಕೆ. ಇಷ್ಟು ದೀರ್ಘವಾದ, ಇಷ್ಟು ಶಿಸ್ತಿನ ವೀಕ್ಷಣೆ ಯಾವ ಪ್ರಯೋಗಾಲಯದಲ್ಲಿ ನಡೆದೀತು? ಕೈ ಸೋತ ಮೊದಲ ದಿನವೇ ಆಕೆಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಆಕೆ ಸರಿಯಾದ ಮನುಷ್ಯನಿಗೇ ವರದಿ ಮಾಡಿದ್ದಳು. ಅದರಲ್ಲಿ ಲಿಂಗವೆಂಬ ಪದವಿದ್ದುದರಿಂದ ಅವನು ಸೋತ ಕೈಯ ಸುದ್ದಿಯನ್ನು ಕೇಳಿಸಿಕೊಳ್ಳಲಿಲ್ಲ. ನಂಬಿಕೆ ಕಣ್ಣು ಕಟ್ಟುತ್ತದೆಂದು ಇಷ್ಟು ವರ್ಷ ವಾದಿಸಿದ್ದವನು ಅವನು.

ಹತ್ತಿಯ ಪಟ್ಟಿಯನ್ನು ತಂದು ಲಿಂಗವನ್ನು ಅಂಗೈಗೆ ಸೇರಿಸಿ ಸುತ್ತಿದ. ಎರಡನೆಯ ಸುತ್ತಿಗೆ ಅವನ ಕೈ ನಿಧಾನವಾಯಿತು. ಅಪ್ಪನನ್ನು ಸಮಾಧಿಯಲ್ಲಿ ಕೂರಿಸಿದಾಗ, ಮಣ್ಣೆಳೆಯುವ ಮೊದಲು, ಎಡ ಅಂಗೈಯಲ್ಲಿ ಹೀಗೆಯೇ ಲಿಂಗವನ್ನಿಟ್ಟದ್ದನ್ನು ಕಂಡಿದ್ದ. ಅವ್ವನಿಗೂ ಅದು ನೆನಪಾಗಿರಬೇಕು. ಕಟ್ಟಿದ ಕೈಯನ್ನು ಎದೆಗಿಟ್ಟು ಯಂತ್ರದ ಹಲಗೆಯ ಮೇಲೆ ಮಲಗಿದಳು.

ಯಂತ್ರ ಬಡಿಯತೊಡಗಿತು. ಗಾಜಿನ ಈಚೆ, ಪರದೆಯ ಮೇಲೆ ಮಿದುಳಿನ ಪದರಗಳು ಒಂದೊಂದಾಗಿ ತೆರೆದುಕೊಂಡವು. ಹನ್ನೊಂದನೆಯ ಪದರದಲ್ಲಿ, ಬಲಭಾಗದಲ್ಲಿ, ಎಡಗೈಯನ್ನು ಆಡಿಸುವ ಜಾಗದ ಪಕ್ಕದಲ್ಲೇ, ಅಂಚು ಹರಿದ ಬಿಳಿ ಗಂಟು. ಹನ್ನೆರಡರಲ್ಲಿ ದೊಡ್ಡದು. ಹದಿಮೂರರಲ್ಲಿ ಇನ್ನೂ ದೊಡ್ಡದು. ಇಂಥವನ್ನು ಅವನು ನೂರಾರು ಕಂಡಿದ್ದ. ಆ ರೋಗಿಗಳಲ್ಲಿ ಮರುವರ್ಷ ಮತ್ತೆ ಬಂದವರು ಎಷ್ಟು ಕಡಿಮೆ ಎಂಬುದೂ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಇದು ಎಷ್ಟಿದ್ದಿರಬಹುದು? ಆಗ ಕಂಡಿದ್ದರೆ ಉಳಿಯುತ್ತಿದ್ದಳೇ? ಅದಕ್ಕೆ ಅವನ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ. ಹೌದೆಂದಾಗಲಿ ಇಲ್ಲವೆಂದಾಗಲಿ ಖಚಿತವಾಗಿ ಗೊತ್ತಾಗಿದ್ದರೂ ಸಹಿಸಬಹುದಿತ್ತು.

ಹಲಗೆ ಹೊರಗೆ ಬಂತು. ನೀಲಾವತಿ ಒಳಬಂದು ಅವ್ವನ ಬೆನ್ನಿಗೆ ಕೈಕೊಟ್ಟು ಕೂರಿಸಿದಳು.

"ಕಂಡದಾ?" ಎಂದಳು ಅವ್ವ.

"ರಿಪೋರ್ಟ್ ಸಾಯಂಕಾಲ ಬರ್ತದೆ. ಡಾಕ್ಟ್ರು ಹೇಳ್ತಾರೆ." ಟೆಕ್ನಿಷಿಯನ್ ಹೇಳಬಹುದಾದದ್ದು ಅಷ್ಟೇ. ಅದು ನಿಯಮ.

"ಡಾಕ್ಟ್ರ ಮಾತು ಕೇಳ್ನಿಲ್ಲ ನಾನು. ಲಿಂಗ ಯಾಕ್ ಬೀಳ್ತದೆ ಅಂತ ಕಾಣ್ತಾ? ಇಷ್ಟ್ ದೊಡ್ಡ ಮಿಸಿನ್ನು, ಅಷ್ಟೂ ಕಾಣ್ನಿಲ್ವಾ?"

ಅವನು ನೀಲಾವತಿಯನ್ನು ನೋಡಿದ. ಹೇಳದಿದ್ದರೆ ಅವ್ವ ಉಪವಾಸ ಮುಂದುವರಿಸುತ್ತಾಳೆ. ಉಳಿದ ದಿನಗಳನ್ನು ಅಪರಾಧಿಯಂತೆ ಕಳೆಯುತ್ತಾಳೆ. ಆ ಅಪರಾಧವನ್ನು ಆಕೆಯ ತಲೆಯಿಂದ ಇಳಿಸಬೇಕಾದರೆ ತಲೆಯೊಳಗಿರುವುದನ್ನು ಹೇಳಬೇಕು.

"ಕಾಣ್ತು ಕಣವ್ವ. ನಿನ್ ತಪ್ಪಲ್ಲ. ತಲೇಲಿ ಒಂದು ಗಂಟು ಬೆಳ್ದದೆ. ಅದು ನಿನ್ ಎಡಗೈನ ಬಲ ಕಿತ್ಕತಾ ಅದೆ. ಅದಕ್ಕೇ ಬಿದ್ದದ್ದು."

ನೀಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವ್ವನ ಹುಬ್ಬಿನ ಗಂಟು ಸಡಿಲವಾಯಿತು.

"ಗಂಟಾ? ಅಷ್ಟೇಯಾ?" ಎಂದಳು. "ಕೇಳ್ದ್ಯೇನಮ್ಮಿ ನೀಲಾ, ಶಿವ ಮುನಿಸ್ಕಂಡಿಲ್ವಂತೆ. ಬರೀ ಗಂಟಂತೆ. ನಾನು ಎಷ್ಟ್ ಹೆದ್ರಿದ್ದೆ! ಇವತ್ತಿಂದ ಎರಡೊತ್ತೂ ಉಣ್ತೀನಿ ಕಣಮ್ಮಿ. ಇಲ್ಲಿ ಎಲ್ಲಾದ್ರೂ ಬಿಸಿ ಇಡ್ಲಿ ಸಿಕ್ತದಾ?"

ಹೊರಗೆ ಭಾನು ಮುಂದಿನವರ ಹೆಸರು ಕೂಗಿದಳು. ಅವ್ವ ಎಡಗೈಯನ್ನು ಬಲಗೈಯಿಂದ ಎತ್ತಿ ಮಗನ ಮುಂದೆ ಹಿಡಿದಳು. ಮಹದೇವ ಪಟ್ಟಿಯ ತುದಿಯನ್ನು ಹುಡುಕಿದ. ತಾನೇ ಹಾಕಿದ ಗಂಟು, ಉಗುರಿಗೆ ಸಿಗುತ್ತಿರಲಿಲ್ಲ. ಒಂದು ಸಲ ಎಳೆದ, ಇನ್ನೊಂದು ಸಲ ಎಳೆದ. ಬೆರಳುಗಳು ಗಂಟಿನ ಮೇಲೆ ಜಾರುತ್ತಿದ್ದವು.

"ನಿನ್ ಕೈಗೇನಾಯ್ತ್ಲಾ?" ಎಂದು ನಕ್ಕಳು ಅವ್ವ. "ಮೆಲ್ಲುಕ್ ಬಿಚ್ಚು ಕಣ್ಮಗ, ಬಿದ್ದೋದಾತು."